ಗೊಬ್ಬರದ ಶೇಖರಣೆ, ಸಾಗಣೆ, ವಿಲೇವಾರಿ: ಬೆಳೆಗಾರರು ತಿಳಿದಿರಬೇಕಾದ ಕಟ್ಟುಪಾಡುಗಳು

ಬೇಸಿಗೆ ಬಂತೆಂದರೆ ನಮ್ಮ ತೋಟದ ದಾರಿಗಳಲ್ಲಿ ಗೊಬ್ಬರದ ಲಾರಿಗಳ ಓಡಾಟ ಶುರುವಾಗುತ್ತದೆ. ಬಯಲುಸೀಮೆಯ ಕುರಿಗೊಬ್ಬರ, ಕೋಳಿಗೊಬ್ಬರ, ಕೊಟ್ಟಿಗೆ ಗೊಬ್ಬರ ಬಂದು ರಸ್ತೆ ಬದಿಯಲ್ಲೋ ಹಳ್ಳದ ದಡದಲ್ಲೋ ರಾಶಿ ಬೀಳುತ್ತದೆ. ರಸ್ತೆ ಒಣಗಿರುವಾಗಲೇ ತರಿಸಿಕೊಳ್ಳಬೇಕಾದ್ದು ನಿಜ. ಆದರೆ ಅಡಿಕೆ ಮರದ ಬುಡಕ್ಕೆ ಅದನ್ನು ಹಾಕುವುದು ಮಳೆಯ ರಭಸ ಇಳಿದ ಮೇಲೆ, ಸೆಪ್ಟೆಂಬರ್–ಅಕ್ಟೋಬರ್ ತಿಂಗಳಲ್ಲಿ. ನಡುವಿನ ಮಳೆಗಾಲದಲ್ಲಿ ಆ ರಾಶಿಯ ಗತಿ ಏನು? ಈ ಸಂಚಿಕೆಯ ಪಾಠ ಅದನ್ನು ಕುರಿತದ್ದು.

ಈ ತಪ್ಪನ್ನು ನಾವೂ ಮಾಡಿದವರೇ. ಒಂದು ವರ್ಷ ಲಾರಿ ಇಳಿಸಿದ ಜಾಗದಲ್ಲೇ ರಾಶಿಯನ್ನು ಬಿಟ್ಟಿದ್ದೆವು. ಆಷಾಢದ ಒಂದು ಬೆಳಿಗ್ಗೆ ಕೆಳಗಿನ ಮನೆಯ ಹಿರಿಯರು ಒಂದು ಕೊಡ ನೀರು ಹೊತ್ತು ತಂದು ನಮ್ಮ ಅಂಗಳದಲ್ಲಿಟ್ಟರು. ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. "ಇದನ್ನ ಮಗುವಿಗೆ ಕುಡಿಸಬಹುದಾ, ನೀವೇ ಹೇಳಿ" ಎಂದರು. ಜಗಳವಾಡಲಿಲ್ಲ, ದೂರನ್ನೂ ಕೊಡಲಿಲ್ಲ. ಅಂದಿನಿಂದ ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಷ್ಟದ ಲೆಕ್ಕ

6 ಮೀಟರ್ ಉದ್ದ, 3 ಮೀಟರ್ ಅಗಲದ ರಾಶಿಯೊಂದನ್ನು ತೆಗೆದುಕೊಳ್ಳೋಣ. 100 ಅಂಗುಲ ಮಳೆ ಬೀಳುವ ಊರಿನಲ್ಲಿ ಇದರ ಮೇಲೆ 45 ಸಾವಿರ ಲೀಟರಿಗೂ ಹೆಚ್ಚು ನೀರು ಸುರಿಯುತ್ತದೆ. ಅಷ್ಟು ನೀರು ಗೊಬ್ಬರವನ್ನು ತೊಳೆದು ಇಳಿಜಾರಿಗೆ ಇಳಿಯುತ್ತದೆ.

ಒಳ್ಳೆಯ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಮತ್ತು ಪೊಟ್ಯಾಷ್ ತಲಾ ಶೇಕಡಾ 0.5ರಷ್ಟು ಇರುತ್ತವೆ. 10 ಟನ್ನಿನ ಲೋಡಿನಲ್ಲಿ ತಲಾ 50 ಕಿಲೋ ಎಂದಾಯಿತು. ಅಂದರೆ ಸುಮಾರು 108 ಕಿಲೋ ಯೂರಿಯಾ ಹಾಗೂ 83 ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಷಿಗೆ ಸಮ. ಕೋಳಿಗೊಬ್ಬರದಲ್ಲಿ ಸಾರಜನಕ ಶೇಕಡಾ 3ರಷ್ಟಿರುವುದರಿಂದ ತೊಳೆದು ಹೋದಾಗ ನಷ್ಟವೂ ಹೆಚ್ಚು, ಕೇಡೂ ಹೆಚ್ಚು. ಪೊಟ್ಯಾಷ್ ನೀರಿನಲ್ಲಿ ಸುಲಭವಾಗಿ ಕರಗುವ ವಸ್ತು. ಹಳ್ಳಕ್ಕೆ ಇಳಿಯುವ ಕಪ್ಪು ನೀರು ನಾವು ಕಾಸು ಕೊಟ್ಟು ತಂದ ಸಾರವೇ ಎಂಬುದನ್ನು ಮರೆಯಬಾರದು.

ಅದೇ ಸಾರ ಕುಡಿಯುವ ನೀರಿಗೆ ಸೇರಿದರೆ ವಿಷ. ನಮ್ಮ ಸೀಮೆಯ ಎಷ್ಟೋ ಮನೆಗಳು ಗುಡ್ಡದ ಒರತೆಯಿಂದ ಹರಿದು ಬರುವ ಅಬ್ಬಿ ನೀರನ್ನೇ ಕುಡಿಯುತ್ತವೆ. ಸಗಣಿಯೊಡನೆ ಬರುವ ರೋಗಾಣುಗಳು ಕುದಿಸಿದರೆ ಸಾಯುತ್ತವೆ. ಸಾರಜನಕದಿಂದ ಉಂಟಾಗುವ ನೈಟ್ರೇಟ್ ಕುದಿಸಿದರೂ ಹೋಗದು. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಮೀರಿದರೆ ಮೊದಲು ಅಪಾಯವಾಗುವುದು ಹಸುಗೂಸುಗಳಿಗೆ.

ಕಾಯ್ದೆ ಏನು ಹೇಳುತ್ತದೆ

1974ರ ಜಲಮಾಲಿನ್ಯ ನಿವಾರಣಾ ಮತ್ತು ನಿಯಂತ್ರಣ ಕಾಯ್ದೆಯ 24ನೆಯ ಕಲಮಿನ ಪ್ರಕಾರ, ನೀರನ್ನು ಕೆಡಿಸುವ ವಸ್ತುವನ್ನು ತಿಳಿದೂ ಹಳ್ಳಕ್ಕೋ ಬಾವಿಗೋ ಬಿಡುವಂತಿಲ್ಲ, ಸೇರಲು ಆಸ್ಪದ ಕೊಡುವಂತೆಯೂ ಇಲ್ಲ. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಸದ್ಯಕ್ಕೆ ಒಣಗಿರುವ ಹಳ್ಳವನ್ನೂ, ನೆಲದೊಳಗಿನ ನೀರನ್ನೂ ಈ ಕಾಯ್ದೆ ಲೆಕ್ಕಕ್ಕೆ ಹಿಡಿಯುತ್ತದೆ. "ಬೇಸಿಗೆಯಲ್ಲಿ ಹಳ್ಳ ಬತ್ತಿತ್ತು, ಅದಕ್ಕೇ ಅಲ್ಲಿ ಸುರಿದೆವು" ಎಂಬ ಸಮಜಾಯಿಷಿ ನಡೆಯುವುದಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 279ನೆಯ ಕಲಮಿನಂತೆ, ಸಾರ್ವಜನಿಕ ಒರತೆ ಅಥವಾ ಜಲಾಶಯದ ನೀರನ್ನು ಬೇಕೆಂದೇ ಕೆಡಿಸಿದವರಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಊರಿನ ನೈರ್ಮಲ್ಯ, ಕುಡಿಯುವ ನೀರು, ಊರ ರಸ್ತೆಗಳ ಹೊಣೆ ಗ್ರಾಮ ಪಂಚಾಯಿತಿಯದು. ರಾಶಿ ಹಾಕುವ ಜಾಗದ ಬಗ್ಗೆ ಅನುಮಾನವಿದ್ದರೆ ಲೋಡು ತರಿಸುವ ಮೊದಲೇ ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸುವುದು ಲೇಸು. ನೋಟೀಸು ಬಂದ ಮೇಲೆ ಓಡಾಡುವುದಕ್ಕಿಂತ ಇದು ಸುಲಭ.

ಶೇಖರಣೆ

ಬಾವಿ, ಒರತೆ, ಹಳ್ಳಗಳಿಗೆ ದೂರವಾದ, ಬಾವಿಗಿಂತ ತಗ್ಗಿನಲ್ಲಿರುವ ಗಟ್ಟಿ ನೆಲವನ್ನು ಆರಿಸಬೇಕು. ನೀರು ಎತ್ತ ಹರಿಯುತ್ತದೆಂಬುದನ್ನು ಮೊದಲ ಜೋರು ಮಳೆಯಲ್ಲಿ ಕೊಡೆ ಹಿಡಿದು ನಿಂತು ನೋಡಿದರೆ ತಾನೇ ತಿಳಿಯುತ್ತದೆ.

ಬಯಲುಸೀಮೆಯ ಗೊಬ್ಬರದ ಗುಂಡಿ ನಮ್ಮ ಮಳೆಗೆ ಹೊಂದುವುದಿಲ್ಲ. ನೀರು ತುಂಬಿ ಗೊಬ್ಬರ ಕೊಳೆತು ನಾರುತ್ತದೆ. ಇಲ್ಲಿ ನೆಲದ ಮೇಲಿನ ರಾಶಿಯೇ ಒಳ್ಳೆಯದು. ಮೇಲೆ ಅಡಿಕೆ ಸೋಗೆಯ ಚಪ್ಪರವೋ ತಗಡಿನ ಮಾಡೋ ಇರಬೇಕು. ಅದಾಗದಿದ್ದರೆ ಟಾರ್ಪಾಲನ್ನಾದರೂ ಹೊದಿಸಿ, ಅಂಚಿಗೆ ಕಲ್ಲು ಹೇರಬೇಕು. ರಾಶಿಯ ಮೇಲ್ಬದಿಯಲ್ಲಿ ಅಗಳು ತೆಗೆದು ಗುಡ್ಡದ ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಕೆಳಬದಿಯಲ್ಲಿ ಮಣ್ಣಿನ ಬದು ಹಾಕಿ, ಒಸರಿ ಬಂದ ರಸವನ್ನು ದರಗಿಗೆ ಹೀರಿಸಿ ಮತ್ತೆ ರಾಶಿಗೇ ಸೇರಿಸಬೇಕು.

ತೋಟದಲ್ಲಿ ತೆಂಗು ಇರುವವರು ಇನ್ನೊಂದನ್ನು ಗಮನಿಸಬೇಕು. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಮೊಟ್ಟೆಯಿಡುವುದು ಗೊಬ್ಬರದ ರಾಶಿಯಲ್ಲೇ. ರಾಶಿ ಮಗುಚುವಾಗ ಸಿಗುವ ಬಿಳಿಯ ದಪ್ಪ ಹುಳುಗಳನ್ನು ಆರಿಸಿ ಕೊಲ್ಲಬೇಕು. ಮೆಟರೈಜಿಯಂ ಎಂಬ ಹಸಿರು ಶಿಲೀಂಧ್ರವನ್ನು ರಾಶಿಗೆ ಬೆರೆಸಿಯೂ ಇವನ್ನು ಹತೋಟಿಗೆ ತರಬಹುದು.

ಸಾಗಣೆ

ಲಾರಿಯಾಗಲಿ ಟ್ರ್ಯಾಕ್ಟರಾಗಲಿ, ಲೋಡಿನ ಮೇಲೆ ಟಾರ್ಪಾಲು ಬಿಗಿದಿರಬೇಕು. ಘಾಟಿಯ ತಿರುವಿನಲ್ಲಿ ಚೆಲ್ಲಿದ ಗೊಬ್ಬರ ಒಂದು ತುಂತುರು ಮಳೆ ಬಿದ್ದರೆ ಸಾಕು, ದ್ವಿಚಕ್ರ ವಾಹನದವರನ್ನು ಜಾರಿಸಿ ಬೀಳಿಸುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ ಹೆಚ್ಚು ಭಾರ ಹೇರಿದರೆ 20,000 ರೂಪಾಯಿ ದಂಡ, ಜೊತೆಗೆ ಹೆಚ್ಚುವರಿ ಟನ್ನೊಂದಕ್ಕೆ 2,000 ರೂಪಾಯಿ. ಒಂದು ಟ್ರಿಪ್ಪು ಉಳಿಸಲು ಹೋಗಿ ಲೋಡಿನ ಬೆಲೆಯನ್ನೇ ದಂಡ ಕಟ್ಟುವುದು ಜಾಣತನವಲ್ಲ.

ಕೋಳಿಗೊಬ್ಬರ ಕೊಳ್ಳುವವರು ಅದು ಬರುವ ಪ್ರದೇಶದಲ್ಲಿ ಹಕ್ಕಿಜ್ವರದ ಸುದ್ದಿ ಇದೆಯೇ ಎಂದು ಪಶುವೈದ್ಯರಲ್ಲಿ ಕೇಳಿ ತಿಳಿಯಬೇಕು. ರೋಗ ಕಂಡ ಪ್ರದೇಶದಿಂದ ಕೋಳಿ, ಮೊಟ್ಟೆಗಳ ಜೊತೆಗೆ ಗೊಬ್ಬರದ ಸಾಗಣೆಯನ್ನೂ ನಿಲ್ಲಿಸಲಾಗುತ್ತದೆ.

ವಿಲೇವಾರಿ

ಹೆಚ್ಚಾದ ಗೊಬ್ಬರವನ್ನು ಏನು ಮಾಡುವುದೆಂಬ ಪ್ರಶ್ನೆ ಏಳುವುದು ಅಗತ್ಯಕ್ಕಿಂತ ಹೆಚ್ಚು ತರಿಸಿದಾಗ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಕಾಂಪೋಸ್ಟ್ ಮತ್ತು 12 ಕಿಲೋ ಹಸಿರುಸೊಪ್ಪು ಶಿಫಾರಸು ಆಗಿದೆ. ಎಕರೆಗೆ ಸುಮಾರು 550 ಮರಗಳೆಂದರೆ ಆರೂವರೆ ಟನ್ನು ಕಾಂಪೋಸ್ಟ್ ಸಾಕು. ಮೊದಲು ಮರ ಎಣಿಸಿ, ಆಮೇಲೆ ಲೋಡು ಹೇಳಬೇಕು. ಇಬ್ಬರು ಮೂವರು ಸಣ್ಣ ಹಿಡುವಳಿದಾರರು ಸೇರಿ ಒಂದು ಲೋಡು ಹಂಚಿಕೊಂಡರೆ ಮಿಕ್ಕುವುದೂ ಇಲ್ಲ, ಬಾಡಿಗೆಯೂ ಉಳಿಯುತ್ತದೆ. ಕಾಫಿ ಹಣ್ಣಿನ ಸಿಪ್ಪೆಯನ್ನೂ ಹಳ್ಳಕ್ಕೆ ತಳ್ಳದೆ ಇದೇ ರಾಶಿಯಲ್ಲಿ ಕೊಳೆಸಬಹುದು. ಸತ್ತ ಕೋಳಿ, ಜಾನುವಾರುಗಳನ್ನು ಮಾತ್ರ ಗೊಬ್ಬರದ ರಾಶಿಗೆ ಎಂದಿಗೂ ಸೇರಿಸಬಾರದು.

ಮೃಗಶಿರಾ ಮಳೆ ಹಿಡಿಯುವ ಮೊದಲು ಸದಸ್ಯರೆಲ್ಲರೂ ಒಮ್ಮೆ ತಮ್ಮ ರಾಶಿಯ ಬಳಿ ನಿಂತು ನೋಡಬೇಕೆಂದು ನಮ್ಮ ಕೋರಿಕೆ. ಮಾಡು ಇದೆಯೇ, ಮೇಲೆ ಅಗಳಿದೆಯೇ, ಕೆಳಗೆ ಬದು ಇದೆಯೇ, ಅದರಾಚೆ ಯಾರ ಮನೆಯ ನೀರಿದೆ? ಈ ನಾಲ್ಕಕ್ಕೆ ಸರಿಯಾದ ಉತ್ತರವಿದ್ದರೆ ಗೊಬ್ಬರದ ಸಾರ ತೋಟಕ್ಕೇ ಉಳಿಯುತ್ತದೆ, ಕೊಡ ಹೊತ್ತು ನಮ್ಮ ಅಂಗಳಕ್ಕೆ ಯಾರೂ ಬರಬೇಕಾಗುವುದಿಲ್ಲ.