ಮಿಲಿಟರಿ ಪ್ರಿಂಟ್ ತೊಟ್ಟರೆ ಕೃಷ್ಣಮೃಗಕ್ಕೆ ಕಾಣುವುದಿಲ್ಲವೇ?

ಮಧುಗಿರಿ ತಾಲ್ಲೂಕಿನ ಜಯಮಂಗಲಿ ಹುಲ್ಲುಗಾವಲಿಗೆ ಬರುವ ಹವ್ಯಾಸಿ ಛಾಯಾಗ್ರಾಹಕರನ್ನು ಗಮನಿಸಿ. ಒಣಗಿ ಹೊಂಬಣ್ಣಕ್ಕೆ ತಿರುಗಿದ ಹುಲ್ಲಿನ ನಡುವೆ ಎಷ್ಟೋ ಜನ ಕಡುಹಸಿರು, ಕಪ್ಪು ಮಚ್ಚೆಗಳ ಮಿಲಿಟರಿ ಪ್ರಿಂಟ್ ತೊಟ್ಟು ನಿಂತಿರುತ್ತಾರೆ. ದೂರಕ್ಕೆ ಅವರು ಕಾಣುವುದು ಒಂದೊಂದು ಕಪ್ಪು ಕಂಬವಾಗಿ. ಕೃಷ್ಣಮೃಗ ಓಡುತ್ತದೆ. ಮುಂದಿನ ಸಲ ಇನ್ನೂ ದುಬಾರಿ ಬಟ್ಟೆ ಬರುತ್ತದೆ, ಕೃಷ್ಣಮೃಗ ಮತ್ತೆ ಓಡುತ್ತದೆ. ಕ್ಯಾಮೊಫ್ಲಾಜ್ (ಮರೆಮಾಚುವ ಕಲೆ) ಎಂದರೆ ಅಂಗಡಿಯಲ್ಲಿ ಸಿಗುವ ಚಿತ್ತಾರ ಎಂದು ನಂಬಿರುವುದೇ ಇದಕ್ಕೆ ಕಾರಣ. ಯಾವ ಚಿತ್ತಾರವೂ ಎಲ್ಲ ಕಡೆ ಕೆಲಸ ಮಾಡುವುದಿಲ್ಲ.

ಹಿನ್ನೆಲೆ ಚುಟುಕಾಗಿ: ಕೆಂಪು ಕೋಟಿನ ಬ್ರಿಟಿಷ್ ಸೈನ್ಯ 19ನೇ ಶತಮಾನದ ನಡುವಿನಲ್ಲಿ ಮಣ್ಣಿನ ಬಣ್ಣಕ್ಕೆ ಹೊರಳಲು ತೊಡಗಿದ್ದು ನಮ್ಮ ಉಪಖಂಡದಲ್ಲೇ. ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯ ಖಾಕಿ ಬಣ್ಣಕ್ಕೂ ಆ ಕಥೆಯಲ್ಲಿ ಸ್ಥಾನವಿದೆ. ಫ್ರೆಂಚ್ ಸೇನೆ 1915ರಲ್ಲಿ ಚಿತ್ರ ಕಲಾವಿದರ ಪಡೆಯನ್ನೇ ಕಟ್ಟಿ ಫಿರಂಗಿಗಳನ್ನು ಮರೆಮಾಚಿತು. ಇಂದಿನ ಸೇನಾ ಚಿತ್ತಾರಗಳು ಎರಡು ಕೆಲಸ ಮಾಡುತ್ತವೆ. ದೊಡ್ಡ ಮಚ್ಚೆಗಳು ತಲೆ, ಹೆಗಲು, ತೋಳಿನ ಅಂಚನ್ನು ಒಡೆದು, ದೂರದ ಕಣ್ಣಿಗೆ ಮನುಷ್ಯನ ಆಕಾರ ಸಿಗದಂತೆ ಮಾಡುತ್ತವೆ. ಸಣ್ಣ ಚುಕ್ಕೆಗಳು ಹತ್ತಿರದಲ್ಲಿ ಎಲೆ, ನೆರಳು, ಮಣ್ಣಿನ ಒರಟಿಗೆ ಹೊಂದಿಕೊಳ್ಳುತ್ತವೆ. ಡಿಜಿಟಲ್ ಪ್ರಿಂಟಿನ ಚಿಕ್ಕ ಚೌಕಗಳು ಇವೆರಡನ್ನೂ ಒಂದೇ ಬಟ್ಟೆಯಲ್ಲಿ ತರುವ ಉಪಾಯ.

ಸ್ಥಳ ಮರೆತರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಭೂಸೇನೆಯೇ ಸಾಕ್ಷಿ. 2000ರ ದಶಕದ ಮಧ್ಯದಲ್ಲಿ ಅದು ಕಾಡು, ಮರುಭೂಮಿ, ಪಟ್ಟಣ ಎಲ್ಲಕ್ಕೂ ಒಂದೇ ಬೂದುಬಣ್ಣದ ಡಿಜಿಟಲ್ ಸಮವಸ್ತ್ರ ತಂದಿತು. ಅದು ಎಲ್ಲಿಯೂ ಸರಿಯಾಗಿ ಬೆರೆಯಲಿಲ್ಲ. 2010ರಿಂದ ಅಫ್ಘಾನಿಸ್ತಾನಕ್ಕೆ ಹೋಗುವವರಿಗೆ ಬೇರೆ ಚಿತ್ತಾರ ಕೊಡಬೇಕಾಯಿತು.

ಅಮೆರಿಕದ ಬೇಟೆಗಾರರಿಂದ ಇನ್ನೊಂದು ಪಾಠವಿದೆ. ಅಲ್ಲಿನ ಅನೇಕ ರಾಜ್ಯಗಳಲ್ಲಿ ಜಿಂಕೆ ಬೇಟೆಯ ಕಾಲದಲ್ಲಿ ಬೇಟೆಗಾರರು ಕಣ್ಣು ಕೋರೈಸುವ ಕಿತ್ತಳೆ ಅಂಗಿ ತೊಡಬೇಕೆಂಬ ನಿಯಮವಿದೆ. ಇನ್ನೊಬ್ಬ ಬೇಟೆಗಾರನಿಗೆ ಅದು ಎದ್ದು ಕಾಣುತ್ತದೆ, ಜಿಂಕೆಗೆ ಹಾಗೆ ಕಾಣುವುದಿಲ್ಲ. ನಮ್ಮ ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಕೋಶಗಳು ಮೂರು ಬಗೆ, ಜಿಂಕೆಗೆ ಎರಡೇ ಬಗೆ. ಕೆಂಪು, ಕಿತ್ತಳೆ, ಹಸಿರುಗಳ ವ್ಯತ್ಯಾಸ ಅದಕ್ಕೆ ತಿಳಿಯದು, ನೀಲಿ ಮಾತ್ರ ಚೆನ್ನಾಗಿ ತಿಳಿಯುತ್ತದೆ. ಹಕ್ಕಿಗಳಿಗೆ ಇಂಥ ಕೋಶಗಳು ನಾಲ್ಕು ಬಗೆ. ಅಂದರೆ ನೋಡುವ ಕಣ್ಣು ಬದಲಾದರೆ ಬಟ್ಟೆ ಕಾಣುವ ಬಗೆಯೂ ಬದಲಾಗುತ್ತದೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ, ನಿಷೇಧಿಸಿದ್ದೇ ಸರಿ. ಹಾಗಾಗಿ ಕೆಳಗಿನ ಕ್ರಮ ಕ್ಯಾಮೆರಾ, ಬೈನಾಕ್ಯುಲರ್ ಹಿಡಿದವರಿಗೆ.

1. ಜಾಗ ಮೊದಲು, ಬಟ್ಟೆ ಆಮೇಲೆ. ಹೋಗುವ ತಿಂಗಳಿನಲ್ಲಿ ಆ ಜಾಗದ ನೆಲ ಹೇಗಿರುತ್ತದೆಂದು ವಿಚಾರಿಸಿ. ದರೋಜಿಯ ಬಂಡೆಗಳಿಗೆ ಬೂದು ಮತ್ತು ಕಂದು, ಬೇಸಿಗೆಯ ಬಯಲಿಗೆ ಹುಲ್ಲಿನ ಬಣ್ಣ, ಮಲೆನಾಡಿನ ತರಗೆಲೆಗೆ ಕಂದು ಬೆರೆತ ಹಸಿರು ಹೊಂದುತ್ತವೆ. ಚಿತ್ತಾರವೇ ಇಲ್ಲದ, ಬಿಸಿಲಿಗೆ ಮಾಸಿದ ಹಳೆಯ ಅಂಗಿ ಎಷ್ಟೋ ಸಲ ಹೊಸ ಪ್ರಿಂಟ್‌ಗಿಂತ ಮೇಲು.

2. ಕಪ್ಪು-ಬಿಳುಪು ಪರೀಕ್ಷೆ. ಸ್ನೇಹಿತನಿಗೆ ಆ ಬಟ್ಟೆ ತೊಡಿಸಿ, ಮೂವತ್ತು ಹೆಜ್ಜೆ ದೂರದಿಂದ ಮೊಬೈಲಿನಲ್ಲಿ ಕಪ್ಪು-ಬಿಳುಪು ಚಿತ್ರ ತೆಗೆಯಿರಿ. ಹಿನ್ನೆಲೆಗಿಂತ ಆತ ಕಪ್ಪಾಗಿ ಕಂಡರೆ ಆ ಬಟ್ಟೆ ಆ ಜಾಗಕ್ಕೆ ಬೇಡ. ಬೆವರಿಗೆ ನೆನೆದಾಗ ಅದು ಇನ್ನಷ್ಟು ಕಪ್ಪಾಗುತ್ತದೆ. ಮಚ್ಚೆಗಳು ತೀರಾ ಸಣ್ಣವಾದರೆ ದೂರಕ್ಕೆ ಕಲಸಿ ಒಂದೇ ಬಣ್ಣವಾಗುವುದೂ ಈ ಚಿತ್ರದಲ್ಲಿ ಗೊತ್ತಾಗುತ್ತದೆ.

3. ಒಗೆಯುವ ಪುಡಿ. ದಯವಿಟ್ಟು ಇದನ್ನು ಎರಡು ಸಲ ಓದಿ. ಎಲ್ಲವನ್ನೂ ಸರಿಯಾಗಿ ಆರಿಸಿದವರೂ ಎಡವುವುದು ಇಲ್ಲಿಯೇ. ‘ಬಿಳಿಗಿಂತ ಬಿಳಿ’ ಎಂದು ಮಾರುವ ಡಿಟರ್ಜೆಂಟ್‌ಗಳಲ್ಲಿ ಬಟ್ಟೆಗೆ ಹೊಳಪು ಕೊಡುವ ರಾಸಾಯನಿಕವಿರುತ್ತದೆ. ಅದು ಬಿಸಿಲಿನ ನೇರಳಾತೀತ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುತ್ತದೆ. ನಮಗೆ ಅಂಗಿ ‘ಫ್ರೆಶ್’ ಆಗಿ ಕಾಣುತ್ತದೆ, ಅಷ್ಟೇ. ನೀಲಿಯನ್ನೇ ಚೆನ್ನಾಗಿ ಗುರುತಿಸುವ ಜಿಂಕೆ, ಕಡವೆಗಳ ಕಣ್ಣಿಗೆ, ವಿಶೇಷವಾಗಿ ಮುಂಜಾನೆ ಮತ್ತು ಮುಸ್ಸಂಜೆಯ ಮಬ್ಬಿನಲ್ಲಿ, ಅದೇ ಅಂಗಿ ಎದ್ದು ಕಾಣಬಲ್ಲದು. ಸಾವಿರಾರು ರೂಪಾಯಿಯ ಜಾಕೆಟ್ಟನ್ನು ಒಂದು ಹಿಡಿ ಪುಡಿ ಕೆಡಿಸುತ್ತದೆ.

ಪರೀಕ್ಷೆ ಸುಲಭ. ನೋಟು ಪರೀಕ್ಷಿಸುವ ಚಿಕ್ಕ ನೇರಳಾತೀತ ಟಾರ್ಚನ್ನು ಕತ್ತಲ ಕೋಣೆಯಲ್ಲಿ ಬಟ್ಟೆಯ ಮೇಲೆ ಬಿಡಿ. ನೀಲಿಬಿಳುಪಾಗಿ ಹೊಳೆದರೆ ಆ ಬಟ್ಟೆ ಮನೆಯಲ್ಲೇ ಇರಲಿ. ಹೊಸ ಬಟ್ಟೆಯನ್ನೂ ಹೀಗೆ ನೋಡಿಯೇ ಬಳಸಿ, ಕೆಲವಕ್ಕೆ ಕಾರ್ಖಾನೆಯಲ್ಲೇ ಈ ಹೊಳಪು ಹಾಕಿರುತ್ತಾರೆ. ಒಗೆಯಲು ಅಂಟುವಾಳದ ಕಾಯಿಯ ನೊರೆ ಸಾಕು. ಬಕೆಟ್ ಬೇರೆ ಇರಲಿ, ಮನೆಯ ಉಳಿದ ಬಟ್ಟೆಯೊಂದಿಗೆ ಯಂತ್ರಕ್ಕೆ ಹಾಕಬೇಡಿ, ಲಾಂಡ್ರಿಗೆ ಕೊಡಬೇಡಿ, ನೀಲಿ ಅದ್ದಬೇಡಿ. ಇದನ್ನು ಮನೆಯವರಿಗೂ ಹೇಳಿಡಿ. ಒಳ್ಳೆಯ ಮನಸ್ಸಿನಿಂದ ಯಾರೋ ಒಗೆದುಕೊಟ್ಟರೆ ಮುಗಿಯಿತು. ಬಿಳಿ ಬನಿಯನ್, ಕಾಲುಚೀಲ, ಕರವಸ್ತ್ರ ಹೊರಗೆ ಇಣುಕಿದರೂ ಇದೇ ತೊಂದರೆ.

4. ಮುಖ, ಕೈ, ಹೊಳಪು. ಮೈತುಂಬಾ ಮುಚ್ಚಿಕೊಂಡು ಮುಖ, ಕೈ ಬಿಟ್ಟರೆ ಅಲುಗಾಡುವ ಭಾಗವೇ ಬಯಲಾಗುತ್ತದೆ. ತೆಳು ಮುಖವಸ್ತ್ರ, ಕೈಗವಸು, ಅಂಚಿರುವ ಟೊಪ್ಪಿ ಇರಲಿ. ಟ್ರೈಪಾಡ್ ಕಾಲು, ವಾಚು, ಬಿಳಿ ಲೆನ್ಸಿಗೆ ಮಾಸಲು ಬಟ್ಟೆ ಸುತ್ತಿ.

5. ಕೂರುವ ಕ್ರಮ. ಬೆನ್ನಿಗೆ ಪೊದೆ ಅಥವಾ ಬಂಡೆ ಇರಬೇಕು, ನೆರಳಿನಲ್ಲಿ ಕೂರಬೇಕು. ದಿಬ್ಬದ ನೆತ್ತಿಯ ಮೇಲೆ ಆಕಾಶಕ್ಕೆ ಎದುರಾಗಿ ನಿಂತರೆ ಯಾವ ಚಿತ್ತಾರವೂ ಕಾಯುವುದಿಲ್ಲ. ಚಿಟಿಕೆ ಒಣಮಣ್ಣು ಉದುರಿಸಿ ಗಾಳಿ ನೋಡಿ. ಅದು ಪ್ರಾಣಿಯ ಕಡೆಯಿಂದ ನಿಮ್ಮತ್ತ ಬೀಸುತ್ತಿರಲಿ. ಆಮೇಲೆ ಅಲುಗಾಡಬೇಡಿ. ಅಲುಗಾಟವನ್ನು ಮುಚ್ಚುವ ಬಟ್ಟೆ ಇನ್ನೂ ಹುಟ್ಟಿಲ್ಲ.

6. ಎಚ್ಚರಿಕೆಗಳು. ಬಯಲಿನಲ್ಲಿ ಮಲಗುವ ಮುನ್ನ ನೆಲ ನೋಡಿ, ಟಿಟ್ಟಿಭದ ಮೊಟ್ಟೆ ಕಲ್ಲಿನಂತೆಯೇ ಇರುತ್ತದೆ. ಗೂಡಿನ ಬಳಿ ಅಡಗಿ ಕೂರಬೇಡಿ. ಕಾಡುಹಕ್ಕಿಗಳ ಗೂಡು, ಮೊಟ್ಟೆಗೆ ತೊಂದರೆ ಕೊಡುವುದನ್ನೂ ಕಾಯ್ದೆ ಬೇಟೆಯೆಂದೇ ಪರಿಗಣಿಸುತ್ತದೆ. ಕಾಡಂಚಿನ ಹೊಲಗಳಲ್ಲಿ ಕಾಡುಹಂದಿಗೆ ಕಾವಲಿರುತ್ತದೆ, ಹೇಳದೆ ಅಲ್ಲಿ ಅಡಗುವುದು ಪ್ರಾಣಕ್ಕೇ ಅಪಾಯ. ಭಾರತೀಯ ಸೇನೆ 2022ರ ಸೇನಾ ದಿನದಂದು ತೋರಿಸಿದ ಡಿಜಿಟಲ್ ವಿನ್ಯಾಸ ನೋಂದಾಯಿತ, ಅದರ ನಕಲು ಕೊಳ್ಳಬೇಡಿ. ಸೈನಿಕನೆಂದು ನಂಬಿಸಲು ಸೇನೆಯ ಉಡುಪು ತೊಡುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಡಿ ಅಪರಾಧ. ಸಫಾರಿ ಜೀಪಿನಲ್ಲಿ ಇಷ್ಟೆಲ್ಲ ಬೇಕಿಲ್ಲ, ಮಾಸಲು ಬಣ್ಣ ಮತ್ತು ಮೌನ ಸಾಕು. ಪ್ರಾಣಿ ಮೇಯುವುದನ್ನು ನಿಲ್ಲಿಸಿ ನಿಮ್ಮನ್ನೇ ದಿಟ್ಟಿಸಿದರೆ ಮುಂದೆ ಹೋಗಬೇಡಿ. ಮತ್ತೆ ದಿಟ್ಟಿಸಿದರೆ ಚಿತ್ರದ ಆಸೆ ಬಿಟ್ಟು ಹಿಂದೆ ಸರಿಯಿರಿ.