ಐಹೊಳೆ ಗುಡ್ಡದ ಬೌದ್ಧ ಗುಡಿ

ಬೌದ್ಧ ಭಿಕ್ಷುಗಳನ್ನು ನೋಡಲು ನಮ್ಮ ಶಿಗ್ಗಾಂವಿಯವರು ಮುಂಡಗೋಡಕ್ಕೆ ಹೋದರೆ ಸಾಕು. ಅಲ್ಲಿ ಟಿಬೆಟಿನವರ ವಸತಿ ಆದದ್ದು 1966ರಲ್ಲಿ. ಅದಕ್ಕೂ ಮೊದಲು ನಮ್ಮ ಕಡೆ ಬೌದ್ಧರೇ ಇರಲಿಲ್ಲ ಅಂತ ತಿಳಿದಿದ್ದೆ. ಪ್ರವಾಸಕ್ಕೆ ಐಹೊಳೆಗೆ ಹೋದಾಗ ಅದು ತಪ್ಪೆಂದು ಗೊತ್ತಾಯಿತು.

ಮೇಗುತಿ ಗುಡ್ಡದ ತುದಿಯ ಜೈನ ಬಸದಿಗೆ ಎಲ್ಲರೂ ಓಡಿದರು. ರವಿಕೀರ್ತಿಯ 634ರ ಶಾಸನ ಅಲ್ಲಿದೆ, ಪರೀಕ್ಷೆಗೆ ಬರುತ್ತದಲ್ಲ! ನನಗೆ ದಮ್ಮು ಹತ್ತಿ ಅರ್ಧದಾರಿಯಲ್ಲೇ ಕುಳಿತೆ. ಅಲ್ಲೇ ಎರಡು ಅಂತಸ್ತಿನ ಗುಡಿ. ಮುಂದಿನ ಕಂಬಸಾಲು ಕಟ್ಟಿದ್ದು, ಒಳಗಿನ ಕೋಣೆ ಬಂಡೆಯಲ್ಲಿ ಕೊರೆದದ್ದು. ಮೇಲಂತಸ್ತಿಗೆ ಹೋಗಿ, "ಖಾಲಿ ಐತ್ರೀ ಸರ" ಎಂದೆ. "ಮ್ಯಾಲ ನೋಡೋ" ಎಂದರು ಗುರುಗಳು. ಛತ್ತಿನ ಕಲ್ಲಿನಲ್ಲಿ, ಕೊಡೆಯ ಕೆಳಗೆ ಬುದ್ಧ ಕುಳಿತಿದ್ದಾನೆ! ಗುಡಿಯ ಇನ್ನೊಂದು ಬುದ್ಧನ ಮೂರ್ತಿಗೆ ತಲೆಯೇ ಇಲ್ಲ. ನೋಡಿ ಕೆಟ್ಟೆನಿಸಿತು.

ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಸುಮಾರು 641ರಲ್ಲಿ ಇಮ್ಮಡಿ ಪುಲಿಕೇಶಿಯ ನಾಡಿಗೆ ಬಂದಿದ್ದ. ಆ ನಾಡಿನಲ್ಲಿ ಸುಮಾರು 100 ವಿಹಾರಗಳು, 5000 ಭಿಕ್ಷುಗಳು ಇದ್ದರೆಂದು ಬರೆದಿದ್ದಾನೆ. ಈ ಗುಡಿಯಲ್ಲಿ ಈಗ ದೀಪ ಹಚ್ಚುವವರೂ ಇಲ್ಲ.

ಬಸದಿ ನೋಡಿ ಇಳಿದು ಬಂದವರಿಗೆ, "ಬುದ್ಧನ್ನ ನೋಡಿದ್ರೇನ?" ಎಂದು ಕೇಳಿದೆ. "ಎಲ್ಲಿ ಅದಾನ?" ಅಂದರು. ಅವರನ್ನು ಕರಕೊಂಡು ಮತ್ತೆ ಮೇಲಂತಸ್ತಿಗೆ ಹೋದೆ.