ಪವರ್ ಸ್ಟೀರಿಂಗಿನ ಎಣ್ಣೆಡಬ್ಬಿಯ ಮುಚ್ಚಳ

ನಮ್ಮ ಮಿತ್ರರೊಬ್ಬರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರೊಂದಿದೆ. ಕಳೆದ ಬೇಸಗೆಯಲ್ಲಿ ಅದರ ಪವರ್ ಸ್ಟೀರಿಂಗಿನ ಎಣ್ಣೆಡಬ್ಬಿಯ ಮುಚ್ಚಳವನ್ನು ತಿರುಗಿಸಹೋದಾಗ ಅದು ಕೈಯಲ್ಲೇ ಎರಡು ಹೋಳಾಯಿತು. ಎಂಜಿನ್ನಿನ ಬಿಸಿಯಲ್ಲಿ ವರ್ಷಗಟ್ಟಲೆ ಬೆಂದ ಪ್ಲಾಸ್ಟಿಕ್ಕು ಹಪ್ಪಳದಂತಾಗುವುದು ಸಹಜವೇ. ಮಿತ್ರರು ಡಬ್ಬಿಯ ಬಾಯಿಗೆ ರಬ್ಬರ್ ಬಿರಡೆಯೊಂದನ್ನು, ಗಾಳಿಯೂ ನುಸುಳದಂತೆ, ಬಿಗಿಯಾಗಿ ಜಡಿದು ಹೊರಟರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಿರಡೆ ಹಾರಿತು. ಎಣ್ಣೆ ಉಕ್ಕಿ, ಕಾದ ಹೊಗೆಕೊಳವೆಯ ಮೇಲೆ ಬಿದ್ದು, ಬಾನೆಟ್ಟಿನ ಕೆಳಗಿಂದ ದಟ್ಟವಾದ ಹೊಗೆಯೆದ್ದಿತು. ಬೆಂಕಿ ಹತ್ತಲಿಲ್ಲವೆಂಬುದಷ್ಟೇ ಸಮಾಧಾನ. ಬಿಗಿಯಾಗಿ ಮುಚ್ಚಿದುದೇ ಹೇಗೆ ತಪ್ಪಾಯಿತೆಂಬುದನ್ನು ವಿಚಾರಮಾಡೋಣ.

ಎಣ್ಣೆಯ ಒತ್ತಡದಿಂದ ಚಾಲಕನ ಕೈಗೆ ನೆರವಾಗುವ ಈ ಏರ್ಪಾಡನ್ನು ಅಮೆರಿಕದ ಫ್ರಾನ್ಸಿಸ್ ಡೇವಿಸ್ 1926ರಲ್ಲಿಯೇ ಮಾಡಿ ತೋರಿಸಿದ್ದನು. ಆದರೆ ಮಾರಾಟದ ಕಾರಿನಲ್ಲಿ ಅದು ಬಂದುದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಎಂಜಿನ್ನು ಬೆಲ್ಟಿನ ಮೂಲಕ ಪಂಪೊಂದನ್ನು ತಿರುಗಿಸುತ್ತದೆ. ಪಂಪು ಡಬ್ಬಿಯಿಂದ ಎಣ್ಣೆಯನ್ನು ಹೀರಿ ಹೆಚ್ಚಿನ ಒತ್ತಡದಲ್ಲಿ ಸ್ಟೀರಿಂಗಿಗೆ ಕಳುಹಿಸುತ್ತದೆ. ಕೆಲಸ ಮುಗಿಸಿದ ಎಣ್ಣೆ ಡಬ್ಬಿಗೇ ಮರಳುತ್ತದೆ. ಈಚಿನ ಕಾರುಗಳಲ್ಲಿ ಬಹುಮಟ್ಟಿಗೆ ವಿದ್ಯುತ್ ಮೋಟಾರೇ ಈ ಕೆಲಸ ಮಾಡುವುದರಿಂದ ಅಲ್ಲಿ ಎಣ್ಣೆಯೂ ಇಲ್ಲ, ಮುಚ್ಚಳದ ತಾಪತ್ರಯವೂ ಇಲ್ಲ.

ಒಟ್ಟು ಎಣ್ಣೆ ಒಂದು ಲೀಟರು, ಡಬ್ಬಿಯಲ್ಲಿ ಅದರ ಮೇಲಿನ ಗಾಳಿ 100 ಮಿಲಿಲೀಟರು ಎಂದಿಟ್ಟುಕೊಳ್ಳೋಣ. ಇಂಥ ಎಣ್ಣೆ ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ತನ್ನ ಗಾತ್ರದ ಸುಮಾರು 0.00075 ಭಾಗ ಹಿಗ್ಗುತ್ತದೆ. 30 ಡಿಗ್ರಿಯಿಂದ 90 ಡಿಗ್ರಿಗೆ ಕಾದರೆ ಹಿಗ್ಗುವುದು 45 ಮಿಲಿಲೀಟರು; ಗಾಳಿಗೆ ಉಳಿಯುವ ಸ್ಥಳ 55 ಮಿಲಿಲೀಟರು ಮಾತ್ರ. ಗಾಳಿಯೂ ಅಷ್ಟೇ ಕಾದಿರುವುದರಿಂದ ಅದರ ಒತ್ತಡ ವಾಯುಮಂಡಲದ ಒತ್ತಡದ 2.2ರಷ್ಟಾಗುತ್ತದೆ. ನಾಲ್ಕು ಸೆಂಟಿಮೀಟರು ಅಡ್ಡಳತೆಯ ಬಿರಡೆಯನ್ನು ಸುಮಾರು 15 ಕಿಲೋಗ್ರಾಂ ತೂಕದಷ್ಟು ಬಲ ಒಳಗಿನಿಂದ ನೂಕುತ್ತದೆಯೆಂದಾಯಿತು. ಹಾರದೆ ಇನ್ನೇನು ಮಾಡೀತು? ಇದಕ್ಕಾಗಿಯೇ ಬಹುಪಾಲು ಮುಚ್ಚಳಗಳಲ್ಲಿ ಗಾಳಿಯಾಡಲು ಸೂಕ್ಷ್ಮವಾದ ಹಾದಿಯೊಂದಿರುತ್ತದೆ.

ಹಾಗೆಂದು ಬಾಯಿ ತೆರೆದೇ ಬಿಡುವಂತಿಲ್ಲ. ಪಂಪಿನ ಒಳಗಿನ ಸಂದುಗಳು ಕೂದಲೆಳೆಗಿಂತ ಕಿರಿದು. ರಸ್ತೆಯ ಧೂಳು ಅಲ್ಲಿ ಉಪ್ಪುಕಾಗದದಂತೆ ಉಜ್ಜುತ್ತದೆ. ತಿರುವಿನಲ್ಲಿ ಎಣ್ಣೆ ತುಳುಕಿ ಕಡಿಮೆಯಾದರಂತೂ ಪಂಪು ಗಾಳಿಯನ್ನೇ ಹೀರಿ ಗೊರಗುಟ್ಟುತ್ತದೆ, ಎಣ್ಣೆ ನೊರೆಯಾಗುತ್ತದೆ. ನೊರೆ ಅದುಮಿದಷ್ಟೂ ಕುಗ್ಗುವುದರಿಂದ ಒತ್ತಡವನ್ನು ಸಾಗಿಸಲಾರದು. ಸ್ಟೀರಿಂಗು ಒಮ್ಮೆಲೇ ಭಾರವಾಗುತ್ತದೆ. ಚಕ್ರಗಳೊಡನೆ ಅದರ ಸಂಬಂಧ ಕಡಿಯುವುದಿಲ್ಲವಾದರೂ, ಘಟ್ಟದ ತಿರುವಿನಲ್ಲಿ ಹೀಗಾಗುವುದನ್ನು ಯಾರೂ ಬಯಸಲಾರರು.

ಮುಚ್ಚಳ ಒಡೆದಾಗ ಮೊದಲು ಎಂಜಿನ್ನನ್ನು ನಿಲ್ಲಿಸಿ ಆರಲು ಬಿಡಬೇಕು. ಹೋಳುಗಳನ್ನು ಜೋಡಿಸಿ ನೋಡಿ, ಚೂರೊಂದು ಕಡಿಮೆಯಿದ್ದರೆ ಅದು ಡಬ್ಬಿಯೊಳಗೇ ಇದೆಯೆಂದು ತಿಳಿದು, ಅದನ್ನು ತೆಗೆಯುವವರೆಗೆ ಎಂಜಿನ್ನನ್ನು ಚಾಲೂ ಮಾಡಬಾರದು. ಬಳಿಕ ಅಲ್ಯೂಮಿನಿಯಂ ಹಾಳೆಯನ್ನು ಎರಡು ಮಡಿಕೆ ಮಾಡಿ ಬಾಯಿಗೆ ಹೊದಿಸಿ, ತಂತಿಯಿಂದ ಕಟ್ಟಿ, ಸೂಜಿಯಿಂದ ಒಂದೇ ಒಂದು ತೂತು ಮಾಡಬೇಕು. ಹಾಳೆಯ ಅಂಚು ಬೆಲ್ಟಿಗಾಗಲಿ ಬ್ಯಾಟರಿಗಾಗಲಿ ತಗುಲಬಾರದು. ಇದು ಹತ್ತಿರದ ಗ್ಯಾರೇಜಿನವರೆಗೆ, ನಿಧಾನವಾಗಿ ಹೋಗುವುದಕ್ಕೆ ಮಾತ್ರ. ಬಟ್ಟೆ ತುರುಕುವುದು ಬೇಡ. ಅದು ಎಣ್ಣೆಯನ್ನು ಹೀರಿ ಹೊರಗೆ ತೊಟ್ಟಿಕ್ಕಿಸುತ್ತದೆ. ಚೆಲ್ಲಿದ ಎಣ್ಣೆಗೆ ಬದಲಾಗಿ ಬ್ರೇಕ್ ಎಣ್ಣೆಯನ್ನು ಹಾಕಿದರೆ ರಬ್ಬರ್ ಸೀಲುಗಳೇ ಹಾಳಾಗುತ್ತವೆ.

ಹೊಸ ಮುಚ್ಚಳ ಕೊಳ್ಳುವಾಗ ಮರೆ ಕೂಡಿದರೆ ಸಾಕೆಂದು ಅನೇಕರು ಭಾವಿಸುತ್ತಾರೆ. ಎಷ್ಟೋ ಮುಚ್ಚಳಗಳಿಗೆ ಎಣ್ಣೆಯ ಮಟ್ಟವನ್ನು ತೋರಿಸುವ ಕಡ್ಡಿಯಿರುತ್ತದೆ. ಬೇರೆ ಕಾರಿನ ಮುಚ್ಚಳದಲ್ಲಿ ಆ ಕಡ್ಡಿ ಉದ್ದವಾಗಿದ್ದು ಗುರುತು ಕೆಳಗಿದ್ದರೆ, ಎಣ್ಣೆ ಕಡಿಮೆಯಿದ್ದರೂ ಅದು ಸಾಕಷ್ಟಿದೆಯೆಂದೇ ತೋರಿಸುತ್ತದೆ! ನಮ್ಮ ಮಿತ್ರರಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸಿಗದ ಮುಚ್ಚಳ, ಕಡೆಗೆ ಗುಜರಿಯಲ್ಲಿ ಅದೇ ಮಾದರಿಯ ಕಾರಿನಿಂದ ದೊರೆಯಿತು. ಅದರ ಗಾಳಿರಂಧ್ರದಲ್ಲಿ ಜಿಡ್ಡು ಕಟ್ಟಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಗಾಳಿ ಹಾಯುವುದನ್ನು ಊದಿ ನೋಡಿದ ಮೇಲೆಯೇ ಹಾಕಿದೆವು.